ಜಲ್ಲಿ ಅಕ್ಕ ನೀರು ನಿಲ್ಲಿಸಿದ್ದು

ಇಪ್ಪತ್ತು ವರ್ಷ ಕ್ವಾರಿಯಲ್ಲಿ ಜಲ್ಲಿ ಒಡೆದವಳು ಅವಳು. ನರ್ಸರಿಯಲ್ಲಿ ಎಲ್ಲರ ಬಾಯಲ್ಲೂ ಜಲ್ಲಿ ಅಕ್ಕ. ಕಲ್ಲು ಪುಡಿಮಾಡುವ ಯಂತ್ರ ಬಂದಾಗ ಅದರ ಮುಂದೆ ಹನ್ನೊಂದು ದಿನ ಕುಂಡಿ ಊರಿ ಕೂತಿದ್ದಳು. ಯಂತ್ರ ಉಳಿಯಿತು, ಇವಳು ಹೊರಬಿದ್ದಳು. ಐವತ್ತು ದಾಟಿದ ಮೇಲೆ ಸಿಕ್ಕಿದ್ದು ಗಿಡಗಳಿಗೆ ನೀರು ಹಾಕುವ ಈ ಕೆಲಸ. ಇದೂ ಹೋದರೆ ಇನ್ಯಾರೂ ಕರೆದು ಕೆಲಸ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹೋಗುವ ಹಾಗೇ ಆಯಿತು. ಯಜಮಾನರು ಎಲ್ಲಿಂದಲೋ ತರಿಸಿದ್ದ ಪುಟ್ಟ ಗಿಡಗಳು, ಅಂಗೈಯಲ್ಲಿ ಕೂರುವಷ್ಟೇ ದೊಡ್ಡವು, ದಪ್ಪ ಎಲೆಯವು, ಬುಡ ಕೊಳೆತು ಒಂದೊಂದೇ ಕುಸಿಯತೊಡಗಿದವು.

"ದಿನಾ ನೀರು ಹಾಕು, ಗೊಬ್ಬರಾನೂ ಕೊಡು," ಎಂದರು ಯಜಮಾನರು. "ಇನ್ನೊಂದು ಟ್ರೇ ಹೋದ್ರೆ ನೀನೂ ಅದರ ಜೊತೆಗೇ ಹೊರಡು."

ಅಕ್ಕ ಸತ್ತ ಗಿಡವೊಂದನ್ನು ಕಿತ್ತು ಮಣ್ಣು ಮೂಸಿದಳು. ಹಿಂಡಿದರೆ ನೀರು ಬರುವಂತಿತ್ತು. ಸುತ್ತಿಗೆಯೇ ಕೈ ಸುಡುವ ಬಿಸಿಲಲ್ಲಿ, ಬಂಡೆಯ ಬಿರುಕಿನಲ್ಲಿ ಇಂಥ ದಪ್ಪ ಎಲೆಗಳನ್ನು ಅವಳು ನೋಡಿದ್ದಳು. ಅವಕ್ಕೆ ಯಾರೂ ಗೊಬ್ಬರ ಹೊತ್ತಿರಲಿಲ್ಲ.

"ಯಜಮಾನ್ರೇ, ಇದು ಬಂಡೆ ಮೇಲಿನ ಜೀವ. ಇದಕ್ಕೆ ಕಲ್ಲುಪುಡಿ ಬೇಕು."

"ಏನು, ಗಿಡದ ಬಗ್ಗೆ ಓದ್ಕೊಂಡು ಬಂದಿದೀಯಾ?"

"ಓದಿಲ್ಲ. ಕಲ್ಲು ಒಡೆದಿದೀನಿ."

ಯಜಮಾನರು ಮೂರು ವಾರಕ್ಕೆಂದು ಮಗಳ ಮನೆಗೆ ಹೋದದ್ದೇ ತಡ, ಅಕ್ಕ ಕ್ವಾರಿಯಿಂದ ಎರಡು ಚೀಲ ಕಲ್ಲುಪುಡಿ ಹೊತ್ತು ತಂದಳು. ತನ್ನನ್ನು ಹೊರಹಾಕಿದ ಯಂತ್ರವೇ ಉಗುಳಿದ್ದು ಅದು. ಉಳಿದ ಗಿಡಗಳನ್ನೆಲ್ಲ ಅದರಲ್ಲಿ ನೆಟ್ಟು ನೀರು ನಿಲ್ಲಿಸಿಬಿಟ್ಟಳು.

"ಅಕ್ಕಾ, ಎಲೆ ಸುಕ್ಕಾಗ್ತಿದೆ. ನಿನ್ನ ಗ್ರಹಚಾರ ನೆಟ್ಟಗಿಲ್ಲ," ಎಂದಳು ಕುಂಡಗಳಿಗೆ ಮಣ್ಣು ತುಂಬುವವಳು.

"ನನ್ನ ಮುಖ ನೋಡೇ. ಸುಕ್ಕು ಬಿದ್ದೋರೆಲ್ಲ ಸತ್ತೇಹೋಗಿದಾರಾ?"

ಹಾಗೆಂದಳೇ ಹೊರತು, ಆ ಮೂರು ವಾರ ದಿನಾ ಬೆಳಿಗ್ಗೆ ಬಂದವಳೇ ಮೊದಲು ಒಂದೊಂದು ಗಿಡದ ಬುಡ ಮುಟ್ಟಿ ನೋಡುತ್ತಿದ್ದಳು.

ಯಜಮಾನರು ಬಂದರು. ಮುದುಡಿದ ಟ್ರೇಗಳನ್ನು ನೋಡಿ ಕೆಂಡವಾದರು. "ನಡಿ ಆಚೆ."

ಅಕ್ಕ ಒಂದು ಗಿಡವನ್ನು ಮೆಲ್ಲಗೆ ಎತ್ತಿ ಹಿಡಿದಳು. ಹೊಸ ಬಿಳಿ ಬೇರುಗಳು ಒಂದು ಚೂರು ಕಲ್ಲನ್ನು ಬಿಗಿಯಾಗಿ ಅಪ್ಪಿಕೊಂಡಿದ್ದವು. ಯಜಮಾನರು ತಾವೇ ಇನ್ನೊಂದನ್ನು ಕಿತ್ತರು, ಮತ್ತೊಂದನ್ನು ಕಿತ್ತರು. ಒಂದರ ಬುಡವೂ ಕೊಳೆತಿರಲಿಲ್ಲ.

"ಈಗ ಒಂದ್ಸಲ ನೀರು ಕೊಡ್ತೀನಿ," ಎಂದಳು. ಮೂರನೇ ದಿನಕ್ಕೆ ಎಲೆಗಳು ತುಂಬಿಕೊಂಡವು.

ತಪ್ಪಾಯಿತು ಅಂತ ಯಜಮಾನರು ಹೇಳಲಿಲ್ಲ. ಕೊಳ್ಳಲು ಬಂದವರಿಗೆ ಕಲ್ಲುಪುಡಿ ತಮ್ಮದೇ ಉಪಾಯ ಎಂದರು. ಅಕ್ಕ ಕೇಳಿಸಿಕೊಳ್ಳುತ್ತಲೇ ಇನ್ನೊಂದು ಟ್ರೇಗೆ ಕಲ್ಲುಪುಡಿ ತುಂಬಿದಳು. ಆದರೆ ಮುಂದಿನ ವಾರ ಅವರೇ ನೀರಿನ ಪೈಪು ಹಿಡಿದು ಆ ಗಿಡಗಳ ಬಳಿ ಬಂದು ನಿಂತರು.

"ಹಾಕ್ಲಾ?"

"ಬೇಡ," ಎಂದಳು ಅಕ್ಕ, ತಲೆ ಎತ್ತದೆ. "ಸೋಮವಾರ ಬನ್ನಿ."