ಹೆಸರಿಗೊಂದು ಬಾಲ

ಸಂಜೆ ಕಾಫಿ ಹಿಡಿದು ಕುಳಿತಿದ್ದೆ. ಮುಂಬಯಿಯ ಹಿಂದಿಯಲ್ಲೇ ಬೆಳೆದ ಮೊಮ್ಮಗಳು ಇರಾ ಲ್ಯಾಪ್‌ಟಾಪನ್ನು ತಂದು ನನ್ನ ಮೂಗಿನ ಕೆಳಗೇ ಇಟ್ಟಳು. ಬಾಲ್ಕನಿಯಲ್ಲಿ ಬೆಳೆಸುವ ಹೂಕುಂಡಗಳನ್ನು ಮಾರಲು ಅವಳಿಗೊಂದು ವೆಬ್‌ಸೈಟ್ ಬೇಕಂತೆ.

"ತಾತಾ, ಡಾಟ್ ಕಾಮ್ ತೋ ಯಾರೋ ತಗೊಂಡ್ಬಿಟ್ಟಿದ್ದಾರೆ. ಡಾಟ್ ಗಾರ್ಡನ್ ಇದೆ. ಚಲೇಗಾ?"

ತೆರೆಯ ಮೇಲೆ ಶಾಪ್, ಕೆಫೆ, ಫ್ಯಾಮಿಲಿ ಎಂದು ಹೆಸರಿನ ಕೊನೆಗೆ ಅಂಟಿಸುವ ಬಾಲಗಳ ಸಂತೆಯೇ ನೆರೆದಿತ್ತು. ಇವನ್ನೆಲ್ಲ ಯಾರು ಕೂತು ಹುಟ್ಟಿಸುತ್ತಾರೋ! ನಾನು ಒಂದೊಂದನ್ನೇ ಓದುತ್ತಿದ್ದರೆ ಅವಳಮ್ಮ, ಅಂದರೆ ನನ್ನ ಮಗಳು ನಂದಿನಿ, ಅಡುಗೆಮನೆಯಿಂದಲೇ ಗದರಿದಳು. "ಡಾಟ್ ಕಾಮ್ ಇಲ್ದಿದ್ರೆ ಯಾರೇ ನಂಬ್ತಾರೆ? ಬೇರೆ ಹೆಸರು ನೋಡು."

ಬಾಲದ ಈ ಫಜೀತಿ ನನಗೆ ಹಳೆಯದು, ಕೇಳಿ. ಎಂಬತ್ತರ ದಶಕದಲ್ಲಿ ನನಗೆ ಮುಂಬಯಿಯ ಪವಾಯಿಯ ಲ್ಯಾಬೊಂದರಲ್ಲಿ ಕೆಲಸ, ಪಕ್ಕದ ಭಾಂಡುಪಿನಲ್ಲಿ ಬಾಡಿಗೆ ಮನೆ. ನಮ್ಮ ಹಳೇ ಮೈಸೂರಿನ ಕಡೆ ಊರೂ ಅಪ್ಪನ ಹೆಸರೂ ಇನಿಷಿಯಲ್ಲುಗಳಾಗಿ ಮುಂದೆ ನಿಲ್ಲುತ್ತವೆ. ಕೊನೆಗೆ ಬರುವವರು ನಾವು. ಮುಂಬಯಿಗೆ ಇದು ಅರ್ಥವಾಗದು. ಅಲ್ಲಿ ಎಲ್ಲರಿಗೂ ಬೇಕಾದದ್ದು ಸರ್‌ನೇಮ್. ಹಾಗಾಗಿ ರೇಷನ್ ಅಂಗಡಿಯಲ್ಲಿ ನಾನು ಮಿಸ್ಟರ್ ಅರಕಲಗೂಡು, ಗ್ಯಾಸಿನವನಿಗೆ ನಂಜುಂಡಯ್ಯ. ಸಿಲಿಂಡರ್ ಹೊತ್ತು ತಂದವನು "ನಂಜುಂಡಯ್ಯ ಸಾಬ್" ಎಂದು ಕೂಗಿದಾಗ, ತೀರಿಹೋದ ಅಪ್ಪ ಒಳಗಿನಿಂದ ಬರುತ್ತಾರೇನೋ ಎಂದು ತಿರುಗಿ ನೋಡಿದ್ದೂ ಉಂಟು.

ನಂದಿನಿಯನ್ನು ಶಾಲೆಗೆ ಸೇರಿಸುವಾಗ ಅರಕಲಗೂಡು ಎಂದೇ ಬರೆಸಬೇಕೆಂದು ನಿಶ್ಚಯಿಸಿದ್ದೆ. ಊರನ್ನು ನಾನು ಬಿಟ್ಟು ಬಂದಿದ್ದೆ; ಮಗಳ ಹೆಸರಿನಲ್ಲಾದರೂ ಅದು ಉಳಿಯಲಿ ಎಂಬ ಆಸೆ. ಹೆಡ್‌ಮಿಸ್ಟ್ರೆಸ್ ನನ್ನನ್ನು ಬಿಟ್ಟು ಮಗುವನ್ನೇ ಕೇಳಿದರು. "ಪೂರಾ ನಾಮ್ ಬೋಲೋ, ಬೇಟಾ."

"ನಂದಿನಿ ಭಾಂಡುಪ್‌ಕರ್!"

ನಮ್ಮ ಬಿಲ್ಡಿಂಗಿನಲ್ಲಿ ಪೆಣ್ ಊರಿನವರು ಪೆಣ್‌ಕರ್, ಮಹಾಡಿನವರು ಮಹಾಡ್‌ಕರ್. ಊರಿಗೊಂದು ಕರ್ ಅಂಟಿಸಿಕೊಳ್ಳುವ ಈ ಮರಾಠಿ ಪದ್ಧತಿಯನ್ನು ಅವಳು ಆಟದ ಜೊತೆಗೇ ಕಲಿತಿದ್ದಳು.

"ಅರಕಲಗೂಡು ಅನ್ನು" ಎಂದು ಪಿಸುಗುಟ್ಟಿದೆ.

"ನಾವು ಅಲ್ಲಿಲ್ವಲ್ಲಪ್ಪಾ?"

ಹೆಡ್‌ಮಿಸ್ಟ್ರೆಸ್ ನಕ್ಕು, ಯೋಚಿಸಿ ನಾಳೆ ಬನ್ನಿ ಎಂದರು. ನನಗೆ ನಗು ಬರಲಿಲ್ಲ.

ಊರಿನಿಂದ ಬಂದಿದ್ದ ಅಮ್ಮನ ಹತ್ತಿರ ದೂರು ಒಯ್ದೆ. ಮೊಮ್ಮಗಳಿಗೆ ಬೈಯುತ್ತಾರೆ ಎಂದುಕೊಂಡರೆ, ಹುರುಳಿಕಾಯಿಯ ನಾರು ತೆಗೆಯುತ್ತಾ ನನ್ನನ್ನೇ ಕೇಳಿದರು. "ನಿಮ್ಮಪ್ಪನ ಇನಿಷಿಯಲ್ ಏನೋ?"

"ಬಿ."

"ಬೇಲೂರು ಅದು. ಮೇಷ್ಟ್ರ ಕೆಲಸ ಸಿಕ್ತು ಅಂತ ಅರಕಲಗೂಡಿಗೆ ಬಂದ್ರು. ನೀನು ಹುಟ್ಟಿದ್ಮೇಲೆ ನಿನ್ನ ಹೆಸರಿಗೆ ಈ ಊರೇ ಇರ್ಲಿ ಅಂದ್ರು. ನಿಮ್ಮ ತಾತ ವರ್ಷಗಟ್ಟಲೆ ಮಾತು ಬಿಟ್ಟಿದ್ರು ಕಣೋ."

ಅಪ್ಪನ ಹೆಸರಿನ ಮುಂದಿದ್ದ ಆ ಬಿ ಅಕ್ಷರವನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಏನೆಂದು ಕೇಳಬೇಕೆನಿಸಿರಲಿಲ್ಲ. ಮರುದಿನ ಶಾಲೆಯಲ್ಲಿ ಭಾಂಡುಪ್‌ಕರ್ ಎಂದು ಬರೆಸಿದೆ.

ಇಷ್ಟನ್ನೂ ಇರಾಗೆ ಹೇಳಿ ಮುಗಿಸುವ ಹೊತ್ತಿಗೆ ಕಾಫಿ ಆರಿತ್ತು. ನಂದಿನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೈ ಒರೆಸಿಕೊಂಡು ಬಂದು ಮಗಳ ಪಕ್ಕ ಕುಳಿತಳು. "ಗಾರ್ಡನ್ನೇ ಇರ್ಲಿ, ಒತ್ತು" ಎಂದಳು. ಆಮೇಲೆ ಮೆಲ್ಲಗೆ ನನ್ನತ್ತ ತಿರುಗಿದಳು.

"ಅವತ್ತು ನಿಮಗೆ ತುಂಬಾ ಬೇಜಾರಾಗಿತ್ತಾ, ಅಪ್ಪಾ?"

"ಡಾಟ್ ಕಾಮ್ ಬಿಟ್ಟುಕೊಟ್ಟು ಈಗ ನಿನಗೆ ಆಗ್ತಿದೆಯಲ್ಲ, ಅಷ್ಟೇ" ಎಂದೆ.