ಎರ್ಮಾಳಿನ ಗುಂಪಿಗೆ ಕೇಳದೆ ಹೋದ ಜಾಹೀರಾತು

ಕೋವಿಡ್ ಮುಗಿದು ಅಂಗಡಿಗಳೆಲ್ಲ ಮೊದಲಿನಂತೆ ತೆರೆದುಕೊಂಡಿದ್ದ ವರ್ಷ. ನಾನಾಗ ಮಣಿಪಾಲದಲ್ಲಿ ಸಣ್ಣದೊಂದು ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಕಚೇರಿ ನಡೆಸುತ್ತಿದ್ದೆ. ಅದಕ್ಕೂ ಮೊದಲು ಪತ್ರಿಕೆಯೊಂದರ ಜಾಹೀರಾತು ವಿಭಾಗದಲ್ಲಿದ್ದೆ. ಪತ್ರಿಕೆಯಲ್ಲಿ ಜಾಹೀರಾತಿಗೆ ಇಷ್ಟೇ ಜಾಗ ಎಂಬ ಅಳತೆ ಇರುತ್ತದೆ. ಫೋನಿನಲ್ಲಿ ಅಂಥ ಅಳತೆಯಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಕಳಿಸುವವರೇ ತೀರ್ಮಾನಿಸಬೇಕು. ಈ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ಕಾಪುವಿನ ಸದಾನಂದ ಶೆಟ್ಟರ ಅಂಗಡಿಯ ಕೆಲಸದಲ್ಲಿ.

ಶೆಟ್ಟರದ್ದು ಮಿಕ್ಸಿ, ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಹಳೆಯ ಅಂಗಡಿ. ಕಾರ್ಕಳದಲ್ಲಿ ಒಂದು ಶಾಖೆಯೂ ಇತ್ತು. ಅವರ ಫೇಸ್‌ಬುಕ್ ಪುಟ ಮತ್ತು ವಾಟ್ಸ್ಯಾಪ್ ಸಂದೇಶಗಳು ನನ್ನ ಜವಾಬ್ದಾರಿ. ಬಿಲ್ ಮಾಡುವಾಗ ಗಿರಾಕಿಗಳನ್ನು ಕೇಳಿ, ಒಪ್ಪಿದವರ ನಂಬರಿಗೆ ಮಾತ್ರ ನಾವು ಸಂದೇಶ ಕಳಿಸುತ್ತಿದ್ದೆವು. ಫ್ರಿಜ್ಜಿನ ಸರ್ವಿಸ್ ಬಾಕಿ ಉಂಟು, ಹಳೆ ಮಿಕ್ಸಿ ಕೊಟ್ಟು ಹೊಸತು ಕೊಳ್ಳಬಹುದು, ಇಂಥವು. ಬೆಳ್ಮಣ್ಣಿನ ಲವೀನಾ ಬಾಯಿ ಎಂಬ ಹಿರಿಯ ಗಿರಾಕಿಯಂತೂ ಪ್ರತಿ ಸಂದೇಶಕ್ಕೂ ಉತ್ತರ ಬರೆದು, ಕೊನೆಗೆ ಮನೆಯವರ ಕ್ಷೇಮವನ್ನೂ ವಿಚಾರಿಸುತ್ತಿದ್ದರು.

ಚೌತಿಗೆ ಮುಂಚೆ ಶೆಟ್ಟರ ಸೋದರಳಿಯ ರಕ್ಷಿತ್ ದುಬೈಯಿಂದ ಬಂದು ವ್ಯಾಪಾರಕ್ಕೆ ಕೈಹಾಕಿದ. ಚುರುಕಿನ ಹುಡುಗ. ಮೊದಲ ಭೇಟಿಯಲ್ಲೇ ನನ್ನನ್ನು ಕೇಳಿದ: “ಮೇಡಂ, ನೀವು ಇಷ್ಟು ಮೆಲ್ಲ ಹೋದರೆ ಹೇಗೆ? ಜಿಲ್ಲೆಯ ವಾಟ್ಸ್ಯಾಪ್ ಗುಂಪುಗಳಿಗೆಲ್ಲ ಜಾಹೀರಾತು ಹಾಕಿಕೊಡುವವರು ಇದ್ದಾರೆ. ಒಂದೇ ದಿನದಲ್ಲಿ ಎಲ್ಲರಿಗೂ ತಲುಪುತ್ತದೆ.”

“ತಲುಪುತ್ತದೆ. ಆದರೆ ಅವರು ಯಾರೂ ನಮ್ಮನ್ನು ಕರೆದಿಲ್ಲವಲ್ಲ?” ಎಂದೆ.

“ಬೇಡದಿದ್ದರೆ ಡಿಲೀಟ್ ಮಾಡಲಿ. ಅದರಲ್ಲಿ ಎಂತ ನಷ್ಟ?”

ನಮ್ಮ ವೃತ್ತಿಯಲ್ಲಿ ಇದಕ್ಕೆ ಸ್ಪ್ಯಾಮ್ ಎನ್ನುತ್ತೇವೆ. ಒಪ್ಪಿಗೆಯಿಲ್ಲದೆ, ಯಾರು ಏನೆಂದು ನೋಡದೆ, ಸಿಕ್ಕಸಿಕ್ಕಲ್ಲಿ ಒಂದೇ ಸಂದೇಶವನ್ನು ಸುರಿಯುವುದು. ಇದನ್ನು ವಿವರಿಸಿ, ನನ್ನಿಂದ ಆ ಕೆಲಸ ಆಗದು ಎಂದೆ. ಶೆಟ್ಟರು ಇಬ್ಬರ ಮುಖವನ್ನೂ ನೋಡಿ “ನೋಡುವ” ಎಂದಷ್ಟೇ ಹೇಳಿದರು. ಕರಾವಳಿಯಲ್ಲಿ ‘ನೋಡುವ’ ಎಂದರೆ ಹೌದೂ ಆಗಬಹುದು, ಇಲ್ಲವೂ ಆಗಬಹುದು. ರಕ್ಷಿತ್ ಅದನ್ನು ಹೌದು ಎಂದುಕೊಂಡು, ಅಂಥ ಜನರನ್ನು ಗೊತ್ತುಮಾಡಿ, ಕಳಿಸಲು ಅಂಗಡಿಯ ನಂಬರನ್ನೇ ಕೊಟ್ಟ.

ಮುಂದಿನ ವಾರವೇ ಪರಿಣಾಮ ಕಾಣತೊಡಗಿತು. ಅಂಗಡಿಯ ಪುಟದ ಕೆಳಗೆ ಬೈಗುಳ. ಶಾಲೆಯ ಪೋಷಕರ ಗುಂಪು, ಭಜನಾ ಮಂಡಳಿಯ ಗುಂಪು, ರಕ್ತದಾನಿಗಳ ಗುಂಪು, ಎಲ್ಲೆಲ್ಲೂ ಅಂಗಡಿಯ ಮಿಕ್ಸಿ. ಜನ ದೂರು ಕೊಟ್ಟು ಕೊಟ್ಟು, ನಾವು ಜೋಪಾನ ಮಾಡಿದ್ದ ಅಂಗಡಿಯ ನಂಬರನ್ನೇ ವಾಟ್ಸ್ಯಾಪ್ ತಡೆಹಿಡಿಯಿತು. ಲವೀನಾ ಬಾಯಿ ಕಾರ್ಕಳ ಶಾಖೆಗೆ ಫೋನ್ ಮಾಡಿ, ತನ್ನ ನಂಬರ್ ತೆಗೆದುಬಿಡಿ ಎಂದರು. ಕ್ಷೇಮ ವಿಚಾರಿಸಲಿಲ್ಲ.

ನಾನು ಕೆಲಸ ಬಿಡುವ ಮಾತನ್ನು ಹೇಳಲು ಕಾಪುವಿಗೆ ಹೋದೆ. ಶೆಟ್ಟರ ಎದುರು ಕುಳಿತು ಮಾತು ಆರಂಭಿಸಿದ್ದೆನಷ್ಟೆ, ಮಹಿಳೆಯೊಬ್ಬರು ಒಳಗೆ ಬಂದು, ಇದರ ಯಜಮಾನರು ಯಾರು ಎಂದು ಕೇಳಿದರು. ಹೆಸರು ಮಮತಾ. ಎರ್ಮಾಳಿನ ಮೀನುಗಾರರ ಮನೆಯವರು, ಉಡುಪಿಯ ಬ್ಯಾಂಕೊಂದರಲ್ಲಿ ಕೆಲಸ. ತಮ್ಮೂರಿನ ನಾಡದೋಣಿಯವರಿಗಾಗಿ ಅವರೊಂದು ವಾಟ್ಸ್ಯಾಪ್ ಗುಂಪು ಮಾಡಿದ್ದರು. ಹವಾಮಾನ ಇಲಾಖೆಯ ಸೂಚನೆ ಬಂದೊಡನೆ ಅದರಲ್ಲಿ ಹಾಕುವುದು, ದೋಣಿ ಇಳಿಸುವ ಮೊದಲು ಎಲ್ಲರೂ ಅದನ್ನು ನೋಡುವುದು ಅಲ್ಲಿನ ರೂಢಿ. ಕಡಲಿಗೆ ಹೋಗುವವರ ಮನೆಯವರೂ ಸೇರಿಕೊಳ್ಳಲಿ ಎಂದು ಗುಂಪಿನ ಲಿಂಕನ್ನು ಊರಿನ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದರು. ರಕ್ಷಿತ್ ಗೊತ್ತುಮಾಡಿದ್ದ ಜನ ಒಳಗೆ ಬಂದದ್ದು ಆ ಲಿಂಕಿನಿಂದ.

ಮಮತಾ ಫೋನನ್ನು ಶೆಟ್ಟರ ಮೇಜಿನ ಮೇಲಿಟ್ಟರು. “ಇದನ್ನು ಓದಿ ಶೆಟ್ರೇ.”

ಮಿಕ್ಸಿಯ ಚಿತ್ರ, ವಾಷಿಂಗ್ ಮೆಷಿನ್ನಿನ ಚಿತ್ರ, ಯಾರದೋ ಸಾಲದ ಜಾಹೀರಾತು, ಆನ್‌ಲೈನ್ ಜೂಜಿನ ಜಾಹೀರಾತು, ಮತ್ತೆ ಮಿಕ್ಸಿ. ನಡುವೆ ಎರಡು ಸಾಲು: ನಾಳೆ ಬಿರುಗಾಳಿಯ ಸೂಚನೆ ಉಂಟು, ಯಾರೂ ದೋಣಿ ಇಳಿಸಬೇಡಿ.

“ಇದನ್ನು ನನ್ನ ಅಣ್ಣ ನೋಡಲಿಲ್ಲ,” ಎಂದರು ಮಮತಾ.

ಅವರ ಅಣ್ಣ ವಾಮನ, ಜಾಹೀರಾತಿನ ಕಾಟ ತಾಳಲಾರದೆ ಗುಂಪನ್ನು ಮ್ಯೂಟ್ ಮಾಡಿ ತೆರೆಯುವುದನ್ನೇ ಬಿಟ್ಟಿದ್ದರು. ಅವರ ದೋಣಿ ಇದ್ದದ್ದು ಉಳಿದವರಿಂದ ದೂರ, ಪಡುಬಿದ್ರಿಯ ಕಡೆಗೆ. ಬೆಳಕು ಹರಿಯುವ ಮೊದಲೇ ಒಬ್ಬ ಜೊತೆಗಾರನೊಂದಿಗೆ ಇಳಿದಿದ್ದರು. ಅಣ್ಣ ಎಂದಿನಂತೆ ನೋಡಿಯೇ ಇರುತ್ತಾನೆಂದು ಮಮತಾ ಬಸ್ ಹತ್ತಿದ್ದರು. ಗಾಳಿ ಎದ್ದ ಮೇಲೆ ವಾಪಸಾಗುವಾಗ ದಡದ ಹತ್ತಿರವೇ ಅಲೆಗೆ ಸಿಕ್ಕಿ ದೋಣಿ ಮಗುಚಿತ್ತು. ಜೊತೆಗಾರ ಈಜಿ ಬಂದ. ವಾಮನರನ್ನು ದಡದಲ್ಲಿದ್ದವರು ಹಗ್ಗ ಎಸೆದು ಎಳೆದುಕೊಂಡರು. ದೋಣಿಯ ಅಂಚು ಬಡಿದು ಅವರ ಭುಜದ ಮೂಳೆ ಮುರಿದಿತ್ತು. ಬಲೆಯೂ ಎಂಜಿನ್ನೂ ಕಡಲು ಸೇರಿದ್ದವು.

ಕೌಂಟರಿನ ಬಳಿ ನಿಂತಿದ್ದ ರಕ್ಷಿತ್ ಬಿಳಚಿಕೊಂಡಿದ್ದ. ಆದರೂ ಹೇಳಿದ: “ಅಕ್ಕ, ನಾವೊಬ್ಬರೇ ಹಾಕಿದ್ದಲ್ಲ. ಸಾಲದವರು, ಜೂಜಿನವರು ಎಲ್ಲ ಉಂಟಲ್ಲ ಅದರಲ್ಲಿ?”

“ಉಂಟು ಮಾರಾಯ. ಅವರ ಅಂಗಡಿ ಎಲ್ಲಿ ಉಂಟು ಹೇಳು, ಅಲ್ಲಿಗೂ ಹೋಗುತ್ತೇನೆ. ನನಗೆ ಬಂದು ಕೇಳಲಿಕ್ಕೆ ಬಾಗಿಲು ಇದ್ದದ್ದು ನಿಮ್ಮದೊಂದೇ.”

ಮಮತಾ ಪರಿಹಾರ ಕೇಳಲಿಲ್ಲ, ಪೊಲೀಸರ ಮಾತೆತ್ತಲಿಲ್ಲ. ಫೋನ್ ತೆಗೆದುಕೊಂಡು ಹೊರಟುಹೋದರು.

ಶೆಟ್ಟರು ನನ್ನ ಕಡೆ ತಿರುಗಿದರು. “ಮೇಡಂ, ಒಂದು ಕ್ಷಮಾಪಣೆ ಬರೆಯಿರಿ. ಎಲ್ಲೆಲ್ಲಿ ಜಾಹೀರಾತು ಹೋಗಿದೆಯೋ ಆ ಗುಂಪುಗಳಿಗೆಲ್ಲ ಕಳಿಸುವ.”

ಮನಸ್ಸಿನಿಂದಲೇ ಹೇಳಿದ ಮಾತು. ನಾನು ಪೆನ್ ಕೂಡ ತೆಗೆದಿದ್ದೆ. ಆಗ ಹೊಳೆಯಿತು: ಆ ಕ್ಷಮಾಪಣೆಯೂ ಯಾರೂ ಕೇಳದ ಇನ್ನೊಂದು ಸಂದೇಶವೇ. ಇನ್ನೊಂದು ಊರಿನ ಇನ್ನೊಂದು ಗುಂಪಿನಲ್ಲಿ ಅದು ಮತ್ತೇನನ್ನೋ ಕೆಳಗೆ ತಳ್ಳುತ್ತದೆ. “ಪುಟದಲ್ಲಿ ಒಂದು ಸಲ ಹಾಕುವ, ಅಂಗಡಿಯ ಬಾಗಿಲಲ್ಲಿ ಅಂಟಿಸುವ. ಗುಂಪುಗಳಿಗೆ ಬೇಡ,” ಎಂದೆ. “ಎರ್ಮಾಳಿಗೆ ಮಾತ್ರ ನಾವೇ ಹೋಗಬೇಕು.”

“ಹಾಗಾದರೆ ನಾಳೆಯೇ ಹೋಗುವ,” ಎಂದರು ಶೆಟ್ಟರು. ಕೆಲಸ ಬಿಡುವ ನನ್ನ ಮಾತು ಅಲ್ಲಿಗೇ ನಿಂತಿತು.

ವಾಮನರು ಜಗಲಿಯಲ್ಲಿ ಕೈಯನ್ನು ಎದೆಗೆ ಕಟ್ಟಿಕೊಂಡು ಕುಳಿತಿದ್ದರು. ಶೆಟ್ಟರು ಸುತ್ತುಬಳಸಿಲ್ಲದೆ ತಪ್ಪಾಯಿತು ಎಂದರು. ವಾಮನರು, “ಮ್ಯೂಟ್ ಮಾಡಿದ್ದು ನಾನೇ ಅಲ್ವಾ ಶೆಟ್ರೇ. ಪೂರಾ ನಿಮ್ಮದೇ ತಪ್ಪೆಂದು ಹೇಳಲಿಕ್ಕೆ ಆಗುವುದಿಲ್ಲ,” ಎಂದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಹೊಸ ಎಂಜಿನ್ ಕೊಡಿಸುವುದಾಗಿ ಶೆಟ್ಟರು ಹೇಳಿದಾಗ ಒಪ್ಪಲು ವಾಮನರು ಬಹಳ ಹಿಂಜರಿದರು. ಮಮತಾ ಮಾತ್ರ, “ಎಂಜಿನ್ ಕೊಡಿ. ಆದರೆ ಫೋಟೋ ತೆಗೆದು ಪೇಪರಿಗೆ, ಫೇಸ್‌ಬುಕ್ಕಿಗೆ ಹಾಕಲಿಕ್ಕಿಲ್ಲ,” ಎಂದರು. ನಾನು ತಲೆಯಾಡಿಸಿದೆ.

ಗುಂಪನ್ನು ಹೊಸದಾಗಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ತಾಂತ್ರಿಕವಾಗಿ ಸುಲಭ: ಅಡ್ಮಿನ್‌ಗಳು ಮಾತ್ರ ಬರೆಯುವಂತೆ, ಅವರು ಒಪ್ಪಿದರಷ್ಟೇ ಹೊಸಬರು ಸೇರುವಂತೆ ಸೆಟ್ಟಿಂಗ್ ಬದಲಿಸಿದರಾಯಿತು. ಕಷ್ಟವಿದ್ದದ್ದು ಜನರನ್ನು ವಾಪಸ್ ಕರೆತರುವುದರಲ್ಲಿ. ಲಿಂಕ್ ಕಳಿಸಿದರೆ ಯಾರೂ ಒತ್ತುತ್ತಿರಲಿಲ್ಲ. ಲಿಂಕ್ ಎಂದರೆ ಜನ ಹೆದರುತ್ತಿದ್ದರು. ಮನೆಮನೆಗೆ ಹೋಗಿ ಕೇಳುವುದೊಂದೇ ದಾರಿ. “ನಾನು ಹೋಗುತ್ತೇನೆ ಮಾವ,” ಎಂದು ರಕ್ಷಿತ್ ತಾನಾಗಿಯೇ ಹೇಳಿದ.

ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಕೆಲವರು ಕೂರಿಸಿ ಮಾತಾಡಿಸಿದರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಎರಡು ಮಾತು ಜೋರಾಗಿಯೇ ಹೇಳಿದರು. ರಕ್ಷಿತ್ ವಾದ ಮಾಡಲಿಲ್ಲ. ಪ್ರತಿ ಮನೆಯಲ್ಲೂ ಈ ಗುಂಪು ಯಾಕೆ, ಇದರಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಹೇಳಿ, “ನಿಮ್ಮ ನಂಬರ್ ಸೇರಿಸಬಹುದಾ?” ಎಂದು ಕೇಳುತ್ತಿದ್ದ. ಹೌದು ಎಂದ ಮೇಲಷ್ಟೇ ಫೋನ್ ತೆಗೆಯುತ್ತಿದ್ದ.

ಆ ಚೌತಿಗೆ ಅಂಗಡಿಯ ವ್ಯಾಪಾರ ಸಾಧಾರಣ. ತಡೆಹಿಡಿದಿದ್ದ ನಂಬರ್ ಕೆಲವು ವಾರಗಳ ಮೇಲೆ ಬಿಡುಗಡೆಯಾಯಿತು. ಲವೀನಾ ಬಾಯಿಯವರ ನಂಬರನ್ನು ನಾವು ಮತ್ತೆ ಸೇರಿಸಲಿಲ್ಲ, ಅವರೂ ಹೇಳಲಿಲ್ಲ. ವಾಮನರು ಭುಜ ಕೂಡಿಕೊಂಡ ಮೇಲೆ ಕಡಲಿಗಿಳಿದರು, ಆದರೆ ಮೊದಲಿನಂತೆ ಬಲೆ ಎಳೆಯಲು ಆಗುತ್ತಿಲ್ಲವೆಂದು ಮಮತಾ ಹೇಳಿದ ನೆನಪು.

ಜನರನ್ನು ತಲುಪುವುದು ಹೇಗೆಂದು ಈ ವೃತ್ತಿ ಬಹಳ ಬೇಗ ಕಲಿಸಿಬಿಡುತ್ತದೆ. ತಲುಪುವ ಹಕ್ಕು ನಮಗೆ ಉಂಟೇ ಎಂದು ಕೇಳಿಕೊಳ್ಳುವುದನ್ನು ನಾವೇ ಕಲಿಯಬೇಕು. ನಾನು ಜೊತೆಗೆ ಹೋಗಿದ್ದ ಆ ಮೊದಲ ದಿನ, ಎರ್ಮಾಳಿನ ಬೀದಿಯೊಂದರ ಕೊನೆಯ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ರಕ್ಷಿತನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಕುಡಿಯಲು ನೀರು ಕೊಟ್ಟು, “ನಂಗೆ ಬೇಡ ಮಗ, ಪಕ್ಕದ ಮನೆಯವರು ಹೇಳ್ತಾರೆ,” ಎಂದರು. ಅವನು ಇನ್ನೊಮ್ಮೆ ವಿವರಿಸಲು ಬಾಯಿ ತೆರೆದವನು, ನಿಲ್ಲಿಸಿದ. “ಆಯ್ತು ಅಮ್ಮ,” ಎಂದು ಲೋಟ ಹಿಂದಿರುಗಿಸಿ, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದ.