ರೇಡಿಯೇಟರಿಗೆ ಹೊಯ್ದ ರಾಗಿ ಗಂಜಿ

ನನ್ನಣ್ಣನ ಕೆಲಸ ಉಳಿಸುವ ಮಾತು ಒಂದು ದಿನ ನನ್ನ ಬಾಯಲ್ಲೇ ಇತ್ತು. ನಾನು ಅದನ್ನು ಆಡಲಿಲ್ಲ. ಅವನು ಓಡಿಸುತ್ತಿದ್ದ ಕಾರಿನ ರೇಡಿಯೇಟರ್ ಕೆಡಿಸಿದ್ದು ನನ್ನ ದಡ್ಡತನ. ಅದನ್ನು ಯಾರಾದರೂ ಕ್ಷಮಿಸಿಯಾರು. ಆಮೇಲೆ ಅವನು ನನ್ನ ಮುಖ ನೋಡುತ್ತ ನಿಂತಾಗ ನಾನು ನೆಲ ನೋಡಿದೆನಲ್ಲ, ಅದು ದಡ್ಡತನವಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಹಲಸೂರಿನ ಒಂದು ವಠಾರದ ಕೊನೆಯ ಮನೆಯಲ್ಲಿ ಅಮ್ಮ, ಅಣ್ಣ, ನಾನು ಇದ್ದೆವು. ಅಪ್ಪ ತೀರಿಕೊಂಡ ಮೇಲೆ ನನ್ನ ಓದು ಎರಡನೇ ಕ್ಲಾಸಿಗೇ ನಿಂತಿತು. ಅಣ್ಣ ಒಂದು ಗ್ಯಾರೇಜಿನಲ್ಲಿ ಸಾಮಾನು ಹೊರುತ್ತ ಹೊರುತ್ತಲೇ ಡ್ರೈವಿಂಗ್ ಕಲಿತು, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಹೆರಿಗೆ ಆಸ್ಪತ್ರೆ ಇಟ್ಟುಕೊಂಡಿದ್ದ ಡಾಕ್ಟರಮ್ಮನ ಬಳಿ ಕೆಲಸಕ್ಕೆ ಸೇರಿದ. ಖಾಕಿ ಕೋಟು ತೊಟ್ಟು ಅವನು ವಠಾರದ ಬಾಗಿಲು ದಾಟುವಾಗ ಅಮ್ಮ ಒಲೆ ಬಿಟ್ಟು ಎದ್ದು ಬಂದು ನೋಡುತ್ತಿದ್ದಳು.

ಡಾಕ್ಟರಮ್ಮ ಮನೆಗಳಿಗೂ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುತ್ತಿದ್ದ ದಿನಗಳು. ಡಾಕ್ಟರೆಂದು ಅವರಿಗೆ ಹೇಗೋ ಸಿಗುತ್ತಿತ್ತು. ಆದರೆ ಕಾರಿನ ಬಿಡಿಭಾಗ ಮಾತ್ರ ಎಲ್ಲಿ ಹುಡುಕಿದರೂ ಇಲ್ಲ. ಒಂದು ಮೊಳೆ ಮುರಿದರೂ ಗಾಡಿ ಮೂಲೆ ಸೇರುತ್ತಿತ್ತು. ಅದಕ್ಕೇ ಅಣ್ಣ ಆ ಹಳೆಯ ಕಾರನ್ನು ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಿದ್ದ.

ಆ ಬೇಸಿಗೆಯಲ್ಲಿ ಕಾರು ಬೇಗ ಬೇಗ ಕಾಯತೊಡಗಿತು. ಆಸ್ಪತ್ರೆಯ ಬಾವಿಯ ನೀರು ಬರೀ ಸವಳು. ಅದನ್ನೇ ಹಾಕಿ ಹಾಕಿ ರೇಡಿಯೇಟರಿನ ಒಳಗೆ ತುಕ್ಕು, ಸುಣ್ಣ ಕಟ್ಟಿದೆಯೆಂದು ಅಣ್ಣ ಹೇಳಿದ. ನಮ್ಮ ಬೀದಿಯಲ್ಲಿ ನಲ್ಲಿ ನೀರಿತ್ತು. ಡಾಕ್ಟರಮ್ಮನನ್ನು ಕೇಳಿ, ಒಂದು ಭಾನುವಾರ ಕಾರನ್ನು ವಠಾರದ ಮುಂದಕ್ಕೇ ತಂದು ನಿಲ್ಲಿಸಿದ. ಇಡೀ ಬೀದಿ ಸೇರಿತು.

ಅಡಿಯ ತಿರುಪು ಬಿಚ್ಚಿದಾಗ ಇಟ್ಟಿಗೆ ಪುಡಿ ಕಲಸಿದಂಥ ಕೆಂಪು ನೀರು ಸುರಿಯಿತು. ಅಮ್ಮ ಹಂಡೆಯಲ್ಲಿ ಕಾಯಿಸಿಕೊಟ್ಟ ನೀರಿಗೆ ಬಟ್ಟೆ ಒಗೆಯುವ ಸೋಡಾ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮೇಲಿನ ಮುಚ್ಚಳದಿಂದ ಹೊಯ್ದ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಮತ್ತೆ ನೀರು ಹೊರಬಿಟ್ಟ. ಈ ಸಲ ಕರಿ ಚೂರುಗಳು ಬಂದವು. ನಾನು ಕೊಡದಲ್ಲಿ ನಲ್ಲಿ ನೀರು ತರುವುದು, ಅವನು ಹೊಯ್ಯುವುದು, ಬಿಡುವುದು. ಎದುರು ಮನೆಯ ಜಟಕಾ ಸಾಬರು ಕುದುರೆಗೆ ಹುಲ್ಲು ಹಾಕುತ್ತ ಗೇಲಿ ಮಾಡಿದರು:

"ಏನ್ ಡ್ರೈವರ್ ಸಾಬ್, ನಮ್ ಕುದುರೆಗೆ ನೀರು ಕುಡ್ಸಿದ್ರೆ ಸಾಕು. ನಿಮ್ದುಕ್ಕೆ ಹೊಟ್ಟೆ ಒಳಗೂ ಸ್ನಾನ ಆಗ್ಬೇಕಾ?"

"ನಿಮ್ ಕುದುರೆ ಒದೆಯುತ್ತೆ ಸಾಬ್ರೇ. ಇದು ಒದೆಯಲ್ಲ, ಅದಕ್ಕೇ ಇಷ್ಟು ಸೇವೆ."

"ಒದೆಯುತ್ತೆ ಒದೆಯುತ್ತೆ, ನೋಡ್ತಿರಿ" ಎಂದು ಅವರು ನಕ್ಕರು. ನಾವೂ ನಕ್ಕೆವು.

ಕೊನೆಗೆ ನೀರು ತಿಳಿಯಾಗಿ ಬಂತು. ತಿರುಪು ಬಿಗಿದು ಒಳ್ಳೆಯ ನೀರು ತುಂಬಿದ. ರಬ್ಬರ್ ಕೊಳವೆಗೆ ಬಿಗಿಯುವ ಪಟ್ಟಿಯೊಂದು ಸವೆದಿತ್ತು. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತರುತ್ತೇನೆಂದು ಹೊರಟ. ಹೋಗುವಾಗ ರೇಡಿಯೇಟರಿನ ಮುಂಭಾಗದ ಜಾಲರಿ ತೋರಿಸಿದ. ಜೇನುಗೂಡಿನಂಥ ಆ ಸಂದುಗಳಲ್ಲಿ ಸತ್ತ ಹುಳು, ಒಣಗಿದ ಕೆಸರು ತುಂಬಿಕೊಂಡಿತ್ತು.

"ನೀರು ಹಾಕಿ, ಪೊರಕೆ ಕಡ್ಡಿಯಲ್ಲಿ ಮೆಲ್ಲಗೆ ತೆಗಿ. ಕಬ್ಬಿಣ ಮುಟ್ಟಿಸ್ಬೇಡ ಕಣೇ. ಒಳಗಿನ ಕೊಳವೆ ಹಪ್ಪಳದ ಹಾಗೆ ತೆಳ್ಳಗಿದೆ."

"ಆಯ್ತು ಹೋಗಣ್ಣ, ನನಗೇನು ಪಾತ್ರೆ ತೊಳೆಯೋಕೆ ಬರಲ್ವಾ?"

"ಇದು ಪಾತ್ರೆ ಅಲ್ಲಮ್ಮ ತಾಯೀ" ಎಂದು ಕೈ ಮುಗಿದು ಹೋದ.

ಪೊರಕೆ ಕಡ್ಡಿ ಮುರಿಯುತ್ತಿತ್ತು. ಕೆಸರು ಜಗ್ಗುತ್ತಿರಲಿಲ್ಲ. ಅಣ್ಣ ಬರುವುದರೊಳಗೆ ಜಾಲರಿ ಥಳಥಳ ಹೊಳೆಯಬೇಕೆಂಬ ಹುಮ್ಮಸ್ಸು ನನಗೆ. ಅದಕ್ಕೂ ಒಂದು ಕಾರಣವಿತ್ತು. ಬರುವ ತಿಂಗಳಿಂದ ನನ್ನನ್ನು ಆಸ್ಪತ್ರೆಗೆ ಆಯಾ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆಂದು ಡಾಕ್ಟರಮ್ಮ ಮಾತು ಕೊಟ್ಟಿದ್ದರು. ನನ್ನ ಕೈಕೆಲಸ ಎಷ್ಟು ಚೊಕ್ಕ ಎಂದು ಕಾರೇ ಅವರಿಗೆ ಹೇಳಲಿ ಎಂದುಕೊಂಡೆ. ಮುರಿದ ಕೊಡೆಯ ಒಂದು ಕಡ್ಡಿ ಮನೆಯಲ್ಲಿತ್ತು. ತಂದು ಚುಚ್ಚಿ ಚುಚ್ಚಿ ತೆಗೆದೆ. ಚೆನ್ನಾಗಿಯೇ ಬರುತ್ತಿತ್ತು. ಒಮ್ಮೆ ಕಡ್ಡಿ ತುಸು ಆಳಕ್ಕೆ ಹೋಯಿತು. ಹಿಂದಕ್ಕೆಳೆದಾಗ ಅಲ್ಲಿಂದ ನೀರು ಮುತ್ತಿನ ಹಾಗೆ ಮೂಡಿ, ಇಳಿದು, ಮತ್ತೆ ಮೂಡಿತು.

ಬೆರಳಿಟ್ಟು ಒತ್ತಿದೆ. ತೆಗೆದರೆ ಮತ್ತೆ ನೀರು. ಆಗ ನನಗೆ ಗೊತ್ತಿದ್ದ ವಿದ್ಯೆ ಒಂದೇ. ಹೊಸ ಮಡಕೆ ಜಿನುಗಿದರೆ ನಾವು ಅದರಲ್ಲಿ ಗಂಜಿ ಹೊಯ್ದು ಕಾಯಿಸಿ ಇಡುತ್ತೇವೆ, ಸಣ್ಣ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ. ನಮ್ಮಮ್ಮ ಮಾಡುತ್ತಿದ್ದಳು, ಅವಳಮ್ಮನೂ ಮಾಡುತ್ತಿದ್ದಳು. ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ರಾಗಿ ಹಿಟ್ಟು ಕದಡಿ, ಒಲೆಯ ಮೇಲೆ ಬಿಸಿ ಮಾಡಿ, ರೇಡಿಯೇಟರಿನಿಂದ ಅಷ್ಟು ನೀರು ಮೊಗೆದು ಚೆಲ್ಲಿ, ಒಂದು ಚೊಂಬು ಗಂಜಿ ಹೊಯ್ದೆ. ಸಾಲದೆನಿಸಿ ಇನ್ನೊಂದು ಚೊಂಬು, ಸ್ವಲ್ಪ ಗಟ್ಟಿಯಾಗಿಯೇ. ನಿಜ ಹೇಳುತ್ತೇನೆ, ಜಿನುಗು ನಿಂತೇಬಿಟ್ಟಿತು. ಸೆರಗಿನಲ್ಲಿ ಒರೆಸಿ ನೋಡಿದೆ, ಒಣಗಿಯೇ ಇತ್ತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಅಣ್ಣ ಪಟ್ಟಿ ತಂದು ಬಿಗಿದ. ಜಾಲರಿ ನೋಡಿ "ಪರವಾಗಿಲ್ಲ ಕಣೇ, ಆಯಮ್ಮ!" ಎಂದ. ಆಮೇಲೆ ತಲೆ ಬಗ್ಗಿಸಿ, "ಕಬ್ಬಿಣ ಮುಟ್ಟಿಸಿಲ್ಲ ತಾನೇ?" ಎಂದು ಕೇಳಿದ.

"ಇಲ್ಲಣ್ಣ."

ಅವನು ಮುಚ್ಚಳ ತೆಗೆದು ನೋಡಲಿಲ್ಲ. ನೀರು ತುಂಬಿದ್ದು ಅವನೇ, ಮತ್ತೆ ಯಾಕೆ ನೋಡುತ್ತಾನೆ? ತಂಗಿಯ ಮಾತಿನ ಮೇಲೆ ಕಾರು ಹತ್ತಿ ಹೋದ.

ಮರುದಿನ ಹೊರಮಾವಿನ ಒಂದು ಮನೆಯಿಂದ ಹೆರಿಗೆಗೆ ಕರೆ ಬಂತು. ಆಗ ಅದೆಲ್ಲ ಹಳ್ಳಿ, ದಾರಿಯುದ್ದಕ್ಕೂ ಹೊಲ. ಕಮ್ಮನಹಳ್ಳಿ ದಾಟುವಷ್ಟರಲ್ಲಿ ಕಾರಿನ ಮೂತಿಯಿಂದ ಹೊಗೆಯೆದ್ದು, ಮುಚ್ಚಳ ಹಾರಿ, ಕಂದು ನೊರೆ ಉಕ್ಕಿತಂತೆ. ಡಾಕ್ಟರಮ್ಮ ಯಾರದೋ ಎತ್ತಿನ ಗಾಡಿ ಹತ್ತಿ ಹೋಗಿ ಮುಟ್ಟುವಾಗ ಊರಿನ ಸೂಲಗಿತ್ತಿಯೇ ಹೆರಿಗೆ ಮಾಡಿಸಿ ಮುಗಿಸಿದ್ದಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಕಾರನ್ನು ಎತ್ತು ಕಟ್ಟಿ ಎಳೆದು ತಂದರು. ಆ ಮೆರವಣಿಗೆ ಹಲಸೂರನ್ನು ಹಾದೇ ಹೋದದ್ದರಿಂದ ಸುದ್ದಿ ನಮಗೂ ಮುಟ್ಟಿತು. ಅಮ್ಮ, ನಾನು ಆಸ್ಪತ್ರೆಗೆ ಓಡಿದೆವು.

ಅಣ್ಣ ಅಡಿಯ ತಿರುಪು ಬಿಚ್ಚಿ ಕೂತಿದ್ದ. ಏನೂ ಸುರಿಯುತ್ತಿರಲಿಲ್ಲ. ಕಡ್ಡಿ ಆಡಿಸಿದಾಗ ಬೆಂದ ಮುದ್ದೆಯಂಥದು ತುಂಡು ತುಂಡಾಗಿ ಬಿತ್ತು. ಡಾಕ್ಟರಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಸೀರೆಯ ಅಂಚಿಗೆಲ್ಲ ಧೂಳು.

"ಭಾನುವಾರ ಪೂರ್ತಿ ತೊಳೆದೆ ಅಂದೆಯಲ್ಲಪ್ಪ. ಇದೇನು?"

"ತೊಳೆದಿದ್ದೆ ಅಮ್ಮಾ."

"ತೊಳೆದಿದ್ದರೆ ಇಷ್ಟು ಕೊಳೆ ಎಲ್ಲಿಂದ ಬಂತು? ಬೇರೆ ಯಾರಾದರೂ ಮುಟ್ಟಿದ್ರಾ?"

ಅಣ್ಣ ಒಂದು ತುಂಡನ್ನು ಬೆರಳಲ್ಲಿ ಹಿಸುಕಿ ಮೂಗಿನ ಹತ್ತಿರ ಹಿಡಿದ. ದಿನಾ ರಾಗಿ ತಿನ್ನುವವನಿಗೆ ಅದರ ವಾಸನೆ ಗೊತ್ತಾಗದೆ ಇರುತ್ತದೆಯೇ? ತಲೆಯೆತ್ತಿ ನನ್ನನ್ನು ನೋಡಿದ. ಕೋಪದಿಂದಲ್ಲ, ಕಾಯುವವನ ಹಾಗೆ. ಡಾಕ್ಟರಮ್ಮನೂ ಕಾಯುತ್ತಿದ್ದರು. ಆ ಮೆಟ್ಟಿಲ ಆಚೆ ನಾನು ಕೆಲಸಕ್ಕೆ ಸೇರಬೇಕಿದ್ದ ವಾರ್ಡು ಕಾಣುತ್ತಿತ್ತು, ಬಿಳಿ ಸೀರೆಯುಟ್ಟ ಆಯಾ ಒಬ್ಬಳು ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನು ನೆಲ ನೋಡಿದೆ.

"ಯಾರೂ ಮುಟ್ಟಿಲ್ಲಮ್ಮಾ. ನಾನೇ ತೊಳೆದಿದ್ದು" ಎಂದ ಅಣ್ಣ.

"ಗಾಡಿ ಕೆಟ್ಟರೆ ರಿಪೇರಿ ಮಾಡಿಸಬಹುದು. ಮಾಡದ ಕೆಲಸ ಮಾಡಿದೆ ಅನ್ನೋ ಡ್ರೈವರನ್ನ ನಂಬಿ ನಾನು ಬಸುರಿಯರ ಮನೆಗೆ ಹೇಗೆ ಹೊರಡಲಿ? ನಾಳೆಯಿಂದ ಬರಬೇಡ."

ಖಾಕಿ ಕೋಟು ಅವರದೇ. ಅಲ್ಲೇ ಬಿಚ್ಚಿ, ಮಡಿಸಿ, ಕಾರಿನ ಸೀಟಿನ ಮೇಲಿಟ್ಟು ಬಂದ. ಮನೆಗೆ ಬರುವ ದಾರಿಯಲ್ಲಿ ಅಮ್ಮ ಅವನನ್ನು ಬೈದಳು. ನಾನು ಇಬ್ಬರ ಹಿಂದೆ ನಡೆಯುತ್ತ ಕೇಳಿಸಿಕೊಂಡೆ.

ದಂಡಿನಲ್ಲಿ ಕೆಲಸ ಬಿಟ್ಟವರು ಹಿಂದಿನ ಯಜಮಾನರ ಕೈಯಿಂದ ಒಳ್ಳೆಯ ನಡತೆಯ ಚೀಟಿ ಬರೆಸಿಕೊಂಡು ಹೋಗಬೇಕು. ಚೀಟಿಯಿಲ್ಲದ ಡ್ರೈವರಿಗೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಅಣ್ಣ ಕೊನೆಗೆ ಒಂದು ಬಸ್ಸಿಗೆ ಕ್ಲೀನರ್ ಆದ. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಕಟ್ಟಿದ ಒಲೆಗೆ ಇದ್ದಿಲು ತುಂಬುವುದು, ಗಾಳಿ ಹಾಕುವುದು ಅವನ ಪಾಲಿಗೆ ಬಂತು. ಸ್ಟೀರಿಂಗ್ ಹಿಡಿದ ಕೈ ಮಸಿಯಾಯಿತು. ಬಸ್ಸಿನ ಡ್ರೈವರ್ "ಏನ್ ಡ್ರೈವರೇ, ಒಲೆ ಹತ್ತಿತಾ?" ಎಂದು ಜನರ ಮುಂದೆ ಕೂಗುತ್ತಿದ್ದನಂತೆ.

ಡಾಕ್ಟರಮ್ಮ ಹೇಳಿದ್ದ ತಿಂಗಳಿಗೇ ನಾನು ಆಸ್ಪತ್ರೆಗೆ ಸೇರಿದೆ. ಅಣ್ಣನ ತಪ್ಪಿಗೆ ತಂಗಿಯನ್ನು ಶಿಕ್ಷಿಸಬಾರದೆಂದು ಡಾಕ್ಟರಮ್ಮನೇ ಹೇಳಿ ಕಳಿಸಿದರು. ಒಳ್ಳೆಯವರು. ಅವರ ಆ ಒಳ್ಳೆಯತನವನ್ನು ನಾನು ಕದ್ದು ತಿಂದೆ. ಸಂಬಳ ತಂದು ಕೊಟ್ಟಾಗ ಅಮ್ಮ "ಗಂಡುಮಗ ಕೈಬಿಟ್ಟ, ಹೆಣ್ಣುಮಗಳು ಹಿಡಿದಳು" ಎನ್ನುತ್ತಿದ್ದಳು. ಅಣ್ಣ ಅಲ್ಲೇ ಗೋಡೆಗೆ ಒರಗಿ ಊಟ ಮಾಡುತ್ತಿದ್ದ. ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳೇ ಇರಬಹುದು.

ಯುದ್ಧ ಮುಗಿದ ಮೇಲೆ ಆ ಬಸ್ಸಿನ ಡ್ರೈವರ್ ಊರಿಗೆ ಹೋಗಿಬಿಟ್ಟ. ಹಿಂದಿನವರ ಚೀಟಿ ತಂದರೆ ಆ ಕೆಲಸ ನಿನಗೇ ಕೊಡುತ್ತೇನೆಂದು ಬಸ್ಸಿನ ಮಾಲೀಕರು ಅಣ್ಣನಿಗೆ ಹೇಳಿದರು. ಅಣ್ಣ ಕೇಳಲು ಹೋಗಲಿಲ್ಲ. ಅಮ್ಮ ನನ್ನ ಬೆನ್ನು ಹತ್ತಿದಳು: "ಆ ಆಸ್ಪತ್ರೇಲೇ ಇದ್ದೀಯ. ಒಂದು ಮಾತು ಕೇಳೋಕೆ ನಿನಗೇನು ನಾಲಿಗೆ ಇಲ್ವಾ?"

ಕೇಳಿದೆ. ಆಗಲೂ ಸತ್ಯ ಹೇಳಲೆಂದು ಹೋಗಿರಲಿಲ್ಲ, ಬೇಡಲು ಹೋಗಿದ್ದೆ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ಅವನು ಒಳ್ಳೆಯವನೇ ಇರಬಹುದು. ಸುಳ್ಳು ಹೇಳಿದವನ ಕೈಗೆ ಒಂದು ಬಸ್ಸು ಜನ ಕೊಡಿ ಅಂತ ನಾನು ಬರೆಯಲಾ?"

"ಅವನು ಸುಳ್ಳು ಹೇಳಿಲ್ಲಮ್ಮಾ. ನಾನು ಹೇಳಿದ್ದು." ಒಂದು ಸಲ ಬಾಯಿ ಬಿಟ್ಟ ಮೇಲೆ ಕೊಡೆಯ ಕಡ್ಡಿ, ಗಂಜಿ, ಎಲ್ಲ ಬಂದವು. ಅವರು ಕಾಗದ ಎಳೆದುಕೊಂಡು ಚೀಟಿ ಬರೆದು, ಮಡಿಸಿ, ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟರು.

"ನಾಳೆಯಿಂದ ಬರಬೇಡ ಅಂತ ಅವನಿಗೆ ಹೇಳಿದ ಹಾಗೇ ನಿನಗೂ ಹೇಳಬೇಕು. ಹೇಳೋಕೆ ನನಗೇ ನಾಚಿಕೆ ಆಗ್ತಿದೆ. ನಾನೂ ಪೂರ್ತಿ ವಿಚಾರಿಸಲಿಲ್ಲ. ಅವನಿಗೆ ಹೇಳಿದೀಯಾ?"

"ಇಲ್ಲಮ್ಮಾ. ಅವನಿಗೆ ಗೊತ್ತು."

"ಗೊತ್ತಿರೋದು ಬೇರೆ, ನೀನು ಹೇಳೋದು ಬೇರೆ. ಹೋಗಿ ಹೇಳು."

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅಣ್ಣ ಬಸ್ಸಿನ ಹಿಂದೆ ಬೂದಿ ಗೋರುತ್ತಿದ್ದ. ಚೀಟಿ ಕೊಟ್ಟೆ. ಮಸಿಗೈ ಅಂಗಿಗೆ ಒರೆಸಿ, ತುದಿಯಲ್ಲಿ ಹಿಡಿದುಕೊಂಡ. ನಗು ಬಂತು ಅವನಿಗೆ.

"ಎಷ್ಟು ಕಾಡಿದೆಯೇ ಪಾಪ ಆ ಅಮ್ಮನ್ನ?"

ಅಷ್ಟಕ್ಕೇ ಬಿಟ್ಟು ಬರಬಹುದಿತ್ತು. ಬೇಡಿ ತಂದಳೆಂದೇ ಅವನು ಸಂತೋಷಪಡುತ್ತಿದ್ದ. "ಕಾಡಿಲ್ಲ, ಆವತ್ತು ನಡೆದದ್ದು ಹೇಳಿದೆ" ಎಂದೆ. ಅವನ ನಗು ನಿಂತಿತು.

"ಬಿಡೇ. ಬಸ್ ಹೊರಡುತ್ತೆ, ಜನ ನೋಡ್ತಿದ್ದಾರೆ. ಮನೇಲಿ ಮಾತಾಡೋಣ."

ಮನೆಯಲ್ಲಿ ಮಾತಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಕಿಟಕಿಗಳಲ್ಲಿ ತಲೆಗಳು ಹೊರಗೆ ಬಂದಿದ್ದವು. ಅವರಿಗೆಲ್ಲ ಕೇಳುವ ಹಾಗೇ ಹೇಳಿದೆ:

"ಅಣ್ಣಾ, ಕೆಡಿಸಿದ್ದು ನಾನು. ನನ್ನ ಕೆಲಸ ಹೋಗುತ್ತೆ ಅಂತ ಬಾಯಿ ಮುಚ್ಕೊಂಡು, ನಿನ್ನ ಕೆಲಸ ಹೋಗೋದನ್ನ ನಿಂತು ನೋಡಿದೆ. ತಪ್ಪಾಯ್ತು ಅಣ್ಣಾ. ನನ್ನ ಕ್ಷಮಿಸು."